ಹೆಸರಾಂತ ಇಂಜನಿಯರಿಂಗ್ ವಿದ್ಯಾಶಾಲೆಯೂ ಪದವೀಧರನ ಸಂಪಾದನೆಯೂ

ವರ್ಷಂಪ್ರತಿ ಬೇಸಗೆ ಮುಗಿದು ಮುಂಗಾರಿನ ಮೋಡಗಳು ಕವಿಯುವ ಹೊತ್ತಿಗೆ ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಒಂದೇ ಪ್ರಶ್ನೆ ಚರ್ಚೆಗೆ ಬರುತ್ತದೆ. ಮಗನೋ ಮಗಳೋ ಇಂಜನಿಯರಿಂಗ್ ಓದಬೇಕೆಂಬುದು ಹಿಂದೆಯೇ ನಿಶ್ಚಯವಾಗಿರುತ್ತದೆ. ಎಲ್ಲಿ ಓದಬೇಕೆಂಬುದು ಮಾತ್ರ ನಿಶ್ಚಯವಾಗಿರುವುದಿಲ್ಲ. ದೊಡ್ಡ ಹೆಸರಿನ ವಿದ್ಯಾಶಾಲೆಯಲ್ಲಿ ಸ್ಥಳ ದೊರೆಯಲೆಂದು ಇನ್ನೊಂದು ವರ್ಷ ಕಾಯುವುದು ಲೇಸೋ, ಮನೆಗೆ ಸಮೀಪದ ಕಾಲೇಜಿನಲ್ಲಿ ಈಗಲೇ ಸೇರಿಸುವುದು ಲೇಸೋ? ಈ ಪ್ರಶ್ನೆಯ ಹಿಂದೆ ತಂದೆಯ ಉಳಿತಾಯವಿರುತ್ತದೆ, ಕೆಲವೆಡೆ ಅಡವಿಟ್ಟ ಹೊಲವೂ ತಾಯಿಯ ಒಡವೆಯೂ ಇರುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಹದಿನೇಳು ಹದಿನೆಂಟು ವಯಸ್ಸಿನ ಮಕ್ಕಳ ಜೀವಮಾನದ ಎರಡು ಮೂರು ವರ್ಷಗಳಿರುತ್ತವೆ. ಆದುದರಿಂದ ಹೆಸರಾಂತ ವಿದ್ಯಾಶಾಲೆಯಲ್ಲಿ ಓದಿದ ಮಾತ್ರದಿಂದ ಮನುಷ್ಯನ ಉದ್ಯೋಗಕ್ಕೂ ಸಂಪಾದನೆಗೂ ಎಷ್ಟರಮಟ್ಟಿನ ಪ್ರಯೋಜನವುಂಟಾಗುತ್ತದೆ ಎಂಬುದನ್ನು ನಾವು ಈ ಭಾಷಣದಲ್ಲಿ ವಿಚಾರಮಾಡಬಯಸುತ್ತೇವೆ.

ಮೊದಲು ಸ್ವಲ್ಪ ಹಿಂದಿನ ಸಂಗತಿ. ವಿದ್ಯಾಶಾಲೆಯ ಹೆಸರಿಗೂ ಸಂಬಳಕ್ಕೂ ಇರುವ ಸಂಬಂಧವು ಹತ್ತೊಂಬತ್ತನೆಯ ಶತಮಾನದಲ್ಲಿ ಗೂಢವಾಗಿರಲಿಲ್ಲ. ಅದು ಸರ್ಕಾರದ ನಿಯಮಗಳಲ್ಲಿಯೇ ಬರೆದಿಟ್ಟಿದ್ದ ವಿಷಯವಾಗಿತ್ತು. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ. ಎ. ಪದವಿಯನ್ನು ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪೂನಾ ನಗರದ ಕಾಲೇಜಿಗೆ ಹೋಗಿ, 1883ರಲ್ಲಿ ಅಲ್ಲಿನ ಇಂಜನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮರಾಗಿ ತೇರ್ಗಡೆ ಹೊಂದಿದರು. ಹಾಗೆ ಪ್ರಥಮರಾದವರಿಗೆ ಬೊಂಬಾಯಿ ಸರ್ಕಾರದ ಮರಾಮತ್ತು ಇಲಾಖೆಯಲ್ಲಿ ಹುದ್ದೆ ಸಿದ್ಧವಾಗಿರುತ್ತಿತ್ತು. 1884ರಲ್ಲಿ ಅವರು ಅಲ್ಲಿ ಅಸಿಸ್ಟೆಂಟ್ ಇಂಜನಿಯರಾದರು. 1847ರಲ್ಲಿ ಸ್ಥಾಪಿತವಾದ ರೂರ್ಕಿ ಕಾಲೇಜಿಗೂ ಇಂತಹ ಖಚಿತ ಹುದ್ದೆಗಳಿದ್ದುವು. ಇವೆಲ್ಲಕ್ಕಿಂತ ಮೇಲ್ಪಟ್ಟದ್ದು ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜು. ಇಂಡಿಯಾದ ಮರಾಮತ್ತು ಇಲಾಖೆಗೆ ಇಂಜನಿಯರುಗಳನ್ನು ತಯಾರುಮಾಡುವುದಕ್ಕೆಂದೇ ಸ್ಥಾಪಿತವಾದ ಅದು 1906ರವರೆಗೆ ನಡೆಯಿತು. ಮುಂದೆ ಇಲಾಖೆಯನ್ನು ಇಂಪೀರಿಯಲ್ ಎಂದೂ ಪ್ರಾವಿನ್ಸಿಯಲ್ ಎಂದೂ ಎರಡಾಗಿ ವಿಂಗಡಿಸಿದಾಗ, ಇಂಗ್ಲೆಂಡಿನಲ್ಲಿ ನೇಮಕವಾಗಿ ಬಂದವರು ಮೊದಲನೆಯದಕ್ಕೂ, ಇಲ್ಲಿಯ ಕಾಲೇಜುಗಳಲ್ಲಿ ಓದಿದವರು ಎರಡನೆಯದಕ್ಕೂ ಸೇರಿದರು. ಕಾಲುವೆ ಒಂದೇ, ಸೇತುವೆ ಒಂದೇ, ಅಳತೆಯ ಸರಪಣಿಯೂ ಒಂದೇ. ಸಂಬಳ ಮಾತ್ರ ಬೇರೆ. ಆ ಕಾಲದಲ್ಲಿ ಯಾರಾದರೂ ವಿದ್ಯಾಶಾಲೆಯ ಹೆಸರಿನಿಂದ ಏನು ಲಾಭವೆಂದು ಕೇಳಿದ್ದರೆ ರೂಪಾಯಿ ಆಣೆ ಪೈಗಳಲ್ಲಿ ಉತ್ತರ ಹೇಳಬಹುದಾಗಿತ್ತು.

ಇಂದು ಅಂತಹ ನಿಯಮವಿಲ್ಲ. ಖಾಸಗಿ ಕಂಪೆನಿಗಳು ತಮಗೆ ಬೇಕಾದವರನ್ನು ತಮಗೆ ತೋರಿದ ಸಂಬಳಕ್ಕೆ ತೆಗೆದುಕೊಳ್ಳುತ್ತವೆ. ಆದರೂ ಹೆಸರಿನ ಆಕರ್ಷಣೆ ಕುಗ್ಗಿಲ್ಲ, ಹೆಚ್ಚಿದೆ. 1951ರಲ್ಲಿ ಖರಗಪುರದಲ್ಲಿ ಆರಂಭವಾದ ಐ. ಐ. ಟಿ. ಎಂಬ ಸಂಸ್ಥೆ, ಅನಂತರ ಬೊಂಬಾಯಿ, ಮದರಾಸು, ಕಾನ್ಪುರ, ದಿಲ್ಲಿಗಳಿಗೆ ಹಬ್ಬಿ, ಈಗ ನಮ್ಮ ಧಾರವಾಡವೂ ಸೇರಿದಂತೆ 23 ಊರುಗಳಲ್ಲಿದೆ. 2024ರಲ್ಲಿ ಇವುಗಳಲ್ಲಿದ್ದ ಸ್ಥಳಗಳು 17,740; ಮೊದಲ ಮೆಟ್ಟಿಲಿನ ಪ್ರವೇಶ ಪರೀಕ್ಷೆಗೆ ಕುಳಿತವರು ಸುಮಾರು 14 ಲಕ್ಷ ಮಂದಿ. ಹೆಚ್ಚುಕಡಿಮೆ ಎಂಬತ್ತು ಮಂದಿಗೆ ಒಂದು ಸ್ಥಳವೆಂದಾಯಿತು. ಉಳಿದ ಎಪ್ಪತ್ತೊಂಬತ್ತು ಮಂದಿಯ ಜೀವನ ಅಲ್ಲಿಗೆ ಮುಗಿಯಿತೆಂದು ಭಾವಿಸುವ ವಾತಾವರಣವೊಂದು ನಮ್ಮಲ್ಲಿ ಬೆಳೆದುಬಿಟ್ಟಿದೆ. ಈ ಪರೀಕ್ಷೆಗೂ ವೈದ್ಯಕೀಯ ಪ್ರವೇಶಕ್ಕೂ ಮಕ್ಕಳನ್ನು ಸಿದ್ಧಪಡಿಸುವ ರಾಜಾಸ್ಥಾನದ ಕೋಟಾ ಪಟ್ಟಣದಲ್ಲಿ 2023ನೆಯ ಒಂದೇ ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇಷ್ಟು ಬೆಲೆಯನ್ನು ಕೇಳುವ ವಸ್ತುವಿನ ನಿಜವಾದ ಮೌಲ್ಯವೇನೆಂದು ಪರೀಕ್ಷಿಸಿ ನೋಡುವುದು ಅನುಚಿತವಾಗಲಾರದು.

ಸಾಮಾನ್ಯವಾಗಿ ಜನರು ಮಾಡುವ ವಾದ ಸರಳವಾದುದು. ಐ. ಐ. ಟಿ. ಪದವೀಧರನ ಸಂಬಳ ಹೆಚ್ಚು, ಇತರ ಕಾಲೇಜಿನವನ ಸಂಬಳ ಕಡಿಮೆ. ಆದುದರಿಂದ ಆ ವ್ಯತ್ಯಾಸವೆಲ್ಲ ವಿದ್ಯಾಶಾಲೆಯ ಕೊಡುಗೆ. ಈ ವಾದದ ದೋಷವನ್ನು ಒಬ್ಬ ರೈತ ಒಡನೆಯೇ ಕಂಡುಹಿಡಿಯುತ್ತಾನೆ. ಕಣದಲ್ಲಿ ಗಟ್ಟಿಕಾಳನ್ನೆಲ್ಲ ಆರಿಸಿ ಒಂದು ಹೊಲಕ್ಕೆ ಬಿತ್ತಿ, ಉಳಿದ ಕಾಳನ್ನು ಇನ್ನೊಂದು ಹೊಲಕ್ಕೆ ಬಿತ್ತಿದರೆ, ಮೊದಲ ಹೊಲದಲ್ಲಿ ಬೆಳೆ ಹುಲುಸಾಗುವುದು ಸಹಜ. ಅದರಿಂದ ಆ ಮಣ್ಣೇ ಉತ್ತಮವೆಂದು ಹೇಳಲಾಗುವುದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ನಮ್ಮವರಿಗೆ ಹೊಸದಲ್ಲ. ಹದಿನಾಲ್ಕು ಲಕ್ಷದಲ್ಲಿ ಆರಿಸಿ ತೆಗೆದ ಹುಡುಗರು ಯಾವ ಕಾಲೇಜಿನಲ್ಲಿ ಓದಿದ್ದರೂ ಸಾಕಷ್ಟು ಸಂಪಾದಿಸುತ್ತಿದ್ದರಲ್ಲವೆ? ಬೀಜದ ಗುಣವೆಷ್ಟು, ಮಣ್ಣಿನ ಗುಣವೆಷ್ಟು ಎಂದು ಬೇರ್ಪಡಿಸುವುದೇ ಇಲ್ಲಿಯ ಕಷ್ಟವಾದ ಕೆಲಸ.

ಬೇರ್ಪಡಿಸುವ ಒಂದು ಯುಕ್ತಿಯನ್ನು ಅಮೆರಿಕದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದರು. 1976ರಲ್ಲಿ ಕಾಲೇಜು ಸೇರಿದ ವಿದ್ಯಾರ್ಥಿಗಳನ್ನು ಅವರು ತೆಗೆದುಕೊಂಡರು. ಇಬ್ಬರು ವಿದ್ಯಾರ್ಥಿಗಳು ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿಕೊಂಡು, ಇಬ್ಬರಿಗೂ ಒಂದೇ ಬಗೆಯ ಕಾಲೇಜುಗಳು ಪ್ರವೇಶ ಕೊಟ್ಟಿದ್ದು, ಒಬ್ಬನು ಹೆಸರಾಂತ ಕಾಲೇಜನ್ನೂ ಮತ್ತೊಬ್ಬನು ಸಾಧಾರಣ ಕಾಲೇಜನ್ನೂ ಆರಿಸಿಕೊಂಡನೆನ್ನೋಣ. ಇವರಿಬ್ಬರ ಬೀಜದ ಗುಣ ಹೆಚ್ಚುಕಡಿಮೆ ಒಂದೇ. 1995ರಲ್ಲಿ, ಅಂದರೆ ಅವರು ನಡುವಯಸ್ಸಿಗೆ ಬಂದಾಗ, ಇಂತಹ ಜೋಡಿಗಳ ವರಮಾನವನ್ನು ಹೋಲಿಸಿ ನೋಡಿದರೆ, ಸಹಪಾಠಿಗಳ ಅಂಕಗಳಿಂದ ಅಳೆದ ಕಾಲೇಜಿನ ಹೆಚ್ಚುಗಾರಿಕೆಯಿಂದ ಸರಾಸರಿಯಲ್ಲಿ ಲಾಭವೇ ಕಾಣಲಿಲ್ಲ! ಆದರೆ ಬಡ ಕುಟುಂಬಗಳಿಂದ ಬಂದವರ ವಿಷಯದಲ್ಲಿ ಲಾಭವು ಸ್ಪಷ್ಟವಾಗಿತ್ತು. ಇದೇ ಲೇಖಕರು ಮುಂದೆ ಹೆಚ್ಚಿನ ವರ್ಷಗಳ ವರಮಾನದ ದಾಖಲೆಗಳನ್ನಿಟ್ಟುಕೊಂಡು ಮತ್ತೆ ಪರೀಕ್ಷಿಸಿದಾಗಲೂ ಕರಿಯ ಜನಾಂಗದ ವಿದ್ಯಾರ್ಥಿಗಳಿಗೆ, ತಂದೆತಾಯಿಗಳು ಹೆಚ್ಚು ಓದಿರದ ವಿದ್ಯಾರ್ಥಿಗಳಿಗೆ ಲಾಭವಿತ್ತು. ಉಳಿದವರಿಗೆ ಅಷ್ಟಾಗಿ ಇರಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ವಕೀಲರ ಮಗನಿಗೆ ನಾಲ್ಕು ಮಂದಿ ದೊಡ್ಡವರ ಪರಿಚಯ ಮನೆಯ ಜಗಲಿಯ ಮೇಲೆಯೇ ಆಗುತ್ತದೆ. ಕೂಲಿಕಾರನ ಮಗಳಿಗೆ ಅದು ಕಾಲೇಜಿನಲ್ಲಿ ಮಾತ್ರ ಆಗಬೇಕು.

ಇದು ಎಲ್ಲ ಬಗೆಯ ಓದಿಗೂ ಸಂಬಂಧಿಸಿದ ಮಾತು. ಇಂಜನಿಯರಿಂಗ್ ಒಂದನ್ನೇ ತೆಗೆದುಕೊಂಡರೆ? 2016ರಲ್ಲಿ ಐಡ್, ಹಿಲ್ಮರ್, ಷೋವಾಲ್ಟರ್ ಎಂಬ ಮೂವರು ಅಮೆರಿಕದ ಪದವೀಧರರ ಸಂಬಳಗಳನ್ನು ಓದಿದ ವಿಷಯಕ್ಕನುಸಾರವಾಗಿ ವಿಂಗಡಿಸಿ ನೋಡಿದರು. ವಾಣಿಜ್ಯವನ್ನೂ ಸಾಹಿತ್ಯ ಚರಿತ್ರೆಗಳಂತಹ ವಿಷಯಗಳನ್ನೂ ಓದಿದವರಿಗೆ ಕಾಲೇಜಿನ ಹೆಸರಿನಿಂದ ಸಂಬಳದಲ್ಲಿ ದೊಡ್ಡ ವ್ಯತ್ಯಾಸವಾಗುತ್ತಿತ್ತು. ವಿಜ್ಞಾನ ಮತ್ತು ಇಂಜನಿಯರಿಂಗ್ ಓದಿದವರಿಗೆ ಬಹುಮಟ್ಟಿಗೆ ಆಗುತ್ತಿರಲಿಲ್ಲ. ಇದು ನಮಗೆ ಮೊದಲ ನೋಟಕ್ಕೆ ಆಶ್ಚರ್ಯವೆನಿಸಿದರೂ ವಿಚಾರಿಸಿದಾಗ ಯುಕ್ತವೆಂದೇ ತೋರುತ್ತದೆ. ಸೇತುವೆಯ ತೊಲೆ ಎಷ್ಟು ಭಾರ ತಾಳುತ್ತದೆಂದು ಲೆಕ್ಕಹಾಕಬಲ್ಲವನನ್ನು ಲೆಕ್ಕ ಕೊಟ್ಟು ಪರೀಕ್ಷಿಸಬಹುದು. ಕಂಪೆನಿಯ ವ್ಯವಹಾರವನ್ನು ಜಾಣತನದಿಂದ ನಡೆಸಬಲ್ಲನೇ ಎಂಬುದನ್ನು ಹಾಗೆ ಒಂದು ಗಂಟೆಯಲ್ಲಿ ಪರೀಕ್ಷಿಸುವುದಾಗುವುದಿಲ್ಲ. ಅಲ್ಲಿ ಹೆಸರನ್ನೇ ನಂಬಬೇಕಾಗುತ್ತದೆ. ಎಲ್ಲಿ ವಿದ್ಯೆಯನ್ನು ನೇರವಾಗಿ ಅಳೆಯಬಹುದೋ ಅಲ್ಲಿ ಹೆಸರಿನ ಬೆಲೆ ಇಳಿಯುತ್ತದೆ.

ಹಾಗೆಂದು ಅಮೆರಿಕದ ನಿರ್ಣಯವನ್ನು ಇಲ್ಲಿಗೆ ಇದ್ದಕ್ಕಿದ್ದಂತೆ ತಂದು ನೆಡಬಾರದು. ಅಲ್ಲಿ ಸಾಧಾರಣವೆನಿಸಿದ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿಯೂ ಒಳ್ಳೆಯ ಪ್ರಯೋಗಶಾಲೆಗಳಿರುತ್ತವೆ. ನಮ್ಮಲ್ಲಿ ಮೇಲಿನ ಸಂಸ್ಥೆಗಳಿಗೂ ಕೆಳಗಿನ ಕಾಲೇಜುಗಳಿಗೂ ಇರುವ ಅಂತರ ಬಹಳ ದೊಡ್ಡದು. ಕೆಲವು ಕಾಲೇಜುಗಳಲ್ಲಿ ಯಂತ್ರಗಳು ಪರಿಶೀಲನೆಯ ದಿನ ಮಾತ್ರ ಧೂಳು ಕೊಡವಿಸಿಕೊಳ್ಳುತ್ತವೆ ಎಂಬುದು ಅಧ್ಯಾಪಕರಾದ ನಮಗೆ ತಿಳಿಯದ ಗುಟ್ಟಲ್ಲ. ಅಲ್ಲದೆ ಇಲ್ಲಿ ಪದವೀಧರರ ಸಂಖ್ಯೆಯೇ ವಿಪರೀತ. ಸಾವಿರಾರು ಕಾಲೇಜುಗಳಿಂದ ಲಕ್ಷಾಂತರ ಮಂದಿ ಒಂದೇ ಬಾರಿಗೆ ಹೊರಬಂದಾಗ ಎಲ್ಲರನ್ನೂ ಪರೀಕ್ಷಿಸಿ ನೋಡುವ ವ್ಯವಧಾನ ಯಾವ ಕಂಪೆನಿಗೂ ಇರುವುದಿಲ್ಲ. ಅದು ಹತ್ತಿಪ್ಪತ್ತು ಕಾಲೇಜುಗಳ ಬಾಗಿಲಿಗೆ ಹೋಗಿ, ಪ್ರವೇಶ ಪರೀಕ್ಷೆ ಈಗಾಗಲೇ ಮಾಡಿಟ್ಟ ಆಯ್ಕೆಯನ್ನೇ ಪುಕ್ಕಟೆಯಾಗಿ ಉಪಯೋಗಿಸಿಕೊಳ್ಳುತ್ತದೆ. ಪದವಿಯು ಹೀಗೆ ವಿದ್ಯೆಗಿಂತಲೂ ಹೆಚ್ಚಾಗಿ ಒಂದು ಸಂಕೇತದಂತೆ, ಸರಾಫನ ಮುದ್ರೆಯಂತೆ ಕೆಲಸಮಾಡಬಹುದೆಂದು ಮೈಕೆಲ್ ಸ್ಪೆನ್ಸ್ ಎಂಬುವರು 1973ರಲ್ಲಿಯೇ ಪ್ರತಿಪಾದಿಸಿದ್ದರು; ಅವರಿಗೆ 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.

ಬರಿಯ ಮುದ್ರೆಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಸೊಗಸಾದ ನಿದರ್ಶನ ದೊರೆಯಿತು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ 1919ರಿಂದಲೂ ಇಂಜನಿಯರಿಂಗ್ ಬೋಧನೆ ನಡೆದುಬಂದಿದೆ. ಅಲ್ಲಿಯ ಇಂಜನಿಯರಿಂಗ್ ಸಂಸ್ಥೆಗೆ 2012ರಲ್ಲಿ ಐ. ಐ. ಟಿ. ಎಂಬ ಪದವಿ ದೊರಕಿತು. ಅಧ್ಯಾಪಕರು ಅವರೇ, ಪಾಠಗಳು ಅವೇ, ವಿದ್ಯಾರ್ಥಿಗಳು ಬರುತ್ತಿದ್ದ ಪ್ರವೇಶ ಪರೀಕ್ಷೆಯೂ ಹಿಂದಿನದೇ. ಬಾಗಿಲ ಮೇಲಿನ ಹಲಗೆ ಮಾತ್ರ ಬದಲಾಯಿತು. ಚೌಧುರಿ, ಗಂಗೂಲಿ, ಗೋಲೆ ಎಂಬ ಮೂವರು ವಿದ್ವಾಂಸರು 2023ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹಲಗೆ ಬದಲಾದ ಮೇಲೆ ಅಲ್ಲಿಂದ ಹೊರಬಂದ ಪದವೀಧರರು ವಿದೇಶಕ್ಕೆ ವಲಸೆ ಹೋಗುವ ಸಂಭವವು ನೂರಕ್ಕೆ ಐದಕ್ಕೂ ಮೇಲ್ಪಟ್ಟು ಹೆಚ್ಚಿತು. ಪರದೇಶದ ವಿಶ್ವವಿದ್ಯಾನಿಲಯದವರಿಗೂ ಅಲ್ಲಿಯ ಕಂಪೆನಿಗಳಿಗೂ ಕಾಶಿಯ ಹಳೆಯ ಹೆಸರಿಗಿಂತ ಹೊಸ ಮೂರಕ್ಷರಗಳು ಹೆಚ್ಚು ಪರಿಚಿತವಾಗಿದ್ದುವೆಂದು ಕಾಣುತ್ತದೆ. ಇದೇ ವಿದ್ವಾಂಸರು 2010ರ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಾವಿರ ಸ್ಥಾನಗಳನ್ನು ಪಡೆದವರ ಜಾಡನ್ನು ಹಿಡಿದು ನೋಡಿದಾಗ ಅವರಲ್ಲಿ ನೂರಕ್ಕೆ 36 ಮಂದಿ, ಮೊದಲ ನೂರರಲ್ಲಿ 62 ಮಂದಿ ವಿದೇಶಕ್ಕೆ ಹೋಗಿದ್ದರು. ಸಂಪಾದನೆಯ ದೃಷ್ಟಿಯಿಂದ ನೋಡಿದರೆ ಐ. ಐ. ಟಿ. ಎಂಬ ಹೆಸರಿನ ಬಹುದೊಡ್ಡ ಲಾಭ ಈ ಹಡಗಿನ ಚೀಟಿಯೇ ಇರಬಹುದು. ತೆರಿಗೆ ಕೊಟ್ಟು ಆ ಸಂಸ್ಥೆಗಳನ್ನು ಸಾಕಿದ ನಾಡಿಗೆ ಅದರಿಂದ ಏನು ಬಂದಿತೆಂಬುದು ಬೇರೆಯ ಭಾಷಣದ ವಿಷಯ.

ಇಂಜನಿಯರಿಂಗಿನ ಹೊರಗೂ ಇದೇ ಬಗೆಯ ಸಾಕ್ಷ್ಯವಿದೆ. ಶೀತಲ್ ಸೇಖ್ರಿಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರವೇಶದ ಅಂಕಗಳ ಗೆರೆಯ ಸ್ವಲ್ಪ ಮೇಲೆ ಬಂದು ಹೆಸರಾಂತ ಸರ್ಕಾರಿ ಕಾಲೇಜನ್ನು ಸೇರಿದವರನ್ನೂ, ಸ್ವಲ್ಪ ಕೆಳಗೆ ನಿಂತು ಖಾಸಗಿ ಕಾಲೇಜನ್ನು ಸೇರಿದವರನ್ನೂ ಹೋಲಿಸಿದರು. ಓದು ಮುಗಿಯುವಾಗಿನ ಪರೀಕ್ಷೆಯಲ್ಲಿ ಇಬ್ಬರಿಗೂ ಗಣನೆಗೆ ಬರುವಷ್ಟು ವ್ಯತ್ಯಾಸವಿರಲಿಲ್ಲ. ಆದರೆ ಸಂಬಳ ಮೊದಲಿನವರಿಗೇ ಹೆಚ್ಚು. ಕಲಿಸಿದ್ದು ಹೆಚ್ಚಲ್ಲ, ಕೊಟ್ಟದ್ದು ಹೆಚ್ಚು.

ಆದರೆ ಮುದ್ರೆಯು ಬಹುಕಾಲ ಹೊಳೆಯುತ್ತದೆಯೇ? ಆಲ್ಟೊಂಜಿ ಮತ್ತು ಪಿಯೆರೆ ಎಂಬುವರು 2001ರಲ್ಲಿ ಅಮೆರಿಕದ ಉದ್ಯೋಗಿಗಳ ವಿಷಯವಾಗಿ ಬರೆದ ಲೇಖನದಲ್ಲಿ, ಯಜಮಾನನು ಕೆಲಸಗಾರನನ್ನು ವರ್ಷಗಟ್ಟಲೆ ಕಣ್ಣಾರೆ ನೋಡಿದ ಮೇಲೆ ಅವನ ಪದವಿಯನ್ನು ನೋಡಿ ಸಂಬಳ ನಿರ್ಧರಿಸುವುದು ಕಡಿಮೆಯಾಗುತ್ತದೆಂದೂ, ಅವನ ನಿಜವಾದ ಸಾಮರ್ಥ್ಯಕ್ಕೆ ಕೊಡುವ ಬೆಲೆ ಹೆಚ್ಚುತ್ತದೆಂದೂ ತೋರಿಸಿದರು. ಮೊದಲ ನೌಕರಿಯ ಬಾಗಿಲನ್ನು ಹೆಸರು ತೆರೆಯುತ್ತದೆ. ಹತ್ತನೆಯ ವರ್ಷದ ಬಡ್ತಿಯನ್ನು ಅದು ತಾನಾಗಿ ಕೊಡಿಸುವುದಿಲ್ಲ. ಆದರೆ ಮೊದಲ ನೌಕರಿ ಎಲ್ಲಿ ದೊರೆಯಿತೆಂಬುದರ ಮೇಲೆ ಎರಡನೆಯದೂ ಕೆಲವು ಮಟ್ಟಿಗೆ ನಿಂತಿರುವುದರಿಂದ, ಈ ಸಮಾಧಾನವನ್ನು ಅತಿಯಾಗಿ ನೆಚ್ಚುವುದೂ ಸರಿಯಲ್ಲ.

ಸರಾಸರಿಯ ಮಾತು ಹೀಗಾದರೆ ತುತ್ತತುದಿಯ ಮಾತು ಇನ್ನೊಂದು ಬಗೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಕಾನೂನು, ವ್ಯಾಪಾರ, ಇಂಜನಿಯರಿಂಗ್‌ಗಳ ಕೆಲವು ಹೆಸರಾಂತ ತರಗತಿಗಳಿವೆ. ಕಾಲೇಜು ವಿದ್ಯಾರ್ಥಿಗಳಲ್ಲಿ ನೂರಕ್ಕೆ ಎರಡರಷ್ಟೂ ಇರದ ಇವರು ದೊಡ್ಡ ಕಂಪೆನಿಗಳ ಮುಖ್ಯ ಸ್ಥಾನಗಳಲ್ಲಿ ನೂರಕ್ಕೆ 41ನ್ನು ಆಕ್ರಮಿಸಿದ್ದಾರೆ. ಸೆತ್ ಜಿಮ್ಮರ್‌ಮನ್ ಎಂಬುವರು 2019ರಲ್ಲಿ ತೋರಿಸಿದ ಪ್ರಕಾರ, ಈ ತರಗತಿಗಳಿಗೆ ಪ್ರವೇಶ ದೊರೆತುದರಿಂದ ದೇಶದ ಅತ್ಯಂತ ಧನಿಕರ ಸಾಲಿಗೆ ಸೇರುವ ಸಂಭವವು ಅರ್ಧದಷ್ಟು ಹೆಚ್ಚುತ್ತದೆ. ಆದರೆ ಯಾರಿಗೆ? ದುಬಾರಿ ಖಾಸಗಿ ಶಾಲೆಗಳಿಂದ ಬಂದ ಗಂಡುಮಕ್ಕಳಿಗೆ. ಅದೇ ಅಂಕಗಳನ್ನು ಪಡೆದ ಹೆಣ್ಣುಮಕ್ಕಳಿಗೂ, ಸಾಧಾರಣ ಶಾಲೆಗಳಿಂದ ಬಂದ ಗಂಡುಮಕ್ಕಳಿಗೂ ಈ ಲಾಭ ಸೊನ್ನೆ. ಪಾಠವನ್ನು ಎಲ್ಲರೂ ಕೇಳಿದರು; ಸ್ನೇಹವು ಮಾತ್ರ ಹಳೆಯ ಶಾಲೆಯ ಗುಂಪಿನೊಳಗೇ ಬೆಳೆಯಿತು. ಬಡವರಿಗೇ ಲಾಭ ಹೆಚ್ಚೆಂದ ಡೇಲ್ ಕ್ರೂಗರ್ ಅವರ ಮಾತಿಗೂ ಇದಕ್ಕೂ ವಿರೋಧವಿದೆಯೆಂದು ಕೇಳುವವರಿಗೆ ತೋರಬಹುದು. ನಮ್ಮ ಅಭಿಪ್ರಾಯದಲ್ಲಿ ಇಲ್ಲ. ಅಲ್ಲಿಯ ಪ್ರಶ್ನೆ ಸಾಮಾನ್ಯ ಸಂಬಳದ್ದು, ಇಲ್ಲಿಯದು ಗದ್ದುಗೆಯದು. ಬಡವನನ್ನು ಮಧ್ಯಮ ಸ್ಥಿತಿಗೆ ಏರಿಸಬಲ್ಲ ಏಣಿಯೇ ಮಾಳಿಗೆಯವರೆಗೆ ಮುಟ್ಟದಿರಬಹುದು.

ನಮ್ಮ ದೇಶದ ಇಂಜನಿಯರಿಂಗ್ ಪ್ರವೇಶವನ್ನು ಕುರಿತೇ ಬರ್ಟ್ರಾಂಡ್, ಹ್ಯಾನ, ಮುಲ್ಲೈನಾಥನ್ ಎಂಬುವರು 2010ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದ್ದಾರೆ. ಒಂದು ರಾಜ್ಯದಲ್ಲಿ 1996ರಲ್ಲಿ ಪ್ರವೇಶ ಬಯಸಿದವರನ್ನು ಮುಂದೆ ಮನೆಮನೆಗೆ ಹೋಗಿ ವಿಚಾರಿಸಿದಾಗ, ಮೀಸಲಾತಿಯಿಂದ, ಕಡಿಮೆ ಅಂಕಗಳಿಂದ, ಒಳಗೆ ಬಂದವರಿಗೂ ಆ ಓದಿನಿಂದ ವರಮಾನ ಗಣನೀಯವಾಗಿ ಹೆಚ್ಚಿತ್ತು. ‘ಕಡಿಮೆ ಅಂಕದವರಿಗೆ ಸ್ಥಳ ಕೊಟ್ಟರೆ ಅವರಿಗೂ ಪ್ರಯೋಜನವಿಲ್ಲ’ ಎಂದು ಅಧ್ಯಾಪಕರ ಕೊಠಡಿಗಳಲ್ಲಿ ನಡೆಯುವ ವಾದಕ್ಕೆ ಇದರಿಂದ ಉತ್ತರ ದೊರೆಯುತ್ತದೆ. ಆ ಸ್ಥಳಗಳನ್ನು ಕಳೆದುಕೊಂಡವರಿಗೆ ನಷ್ಟವಾಯಿತೆಂಬುದನ್ನೂ ಅದೇ ಅಧ್ಯಯನ ಮರೆಮಾಚದೆ ಹೇಳಿದೆ.

ಇನ್ನು ಪ್ರಸಿದ್ಧ ಪುರುಷರ ಉದಾಹರಣೆಗಳಿಂದ ವಾದಿಸುವವರಿದ್ದಾರೆ. 2015ರಲ್ಲಿ ಗೂಗಲ್ ಕಂಪೆನಿಯ ಮುಖ್ಯಾಧಿಕಾರಿಯಾದ ಸುಂದರ ಪಿಚೈ ಅವರು ಖರಗಪುರದ ಐ. ಐ. ಟಿ.ಯವರು ಎಂದು ಒಬ್ಬರು ಹೇಳಿದರೆ, 2014ರಲ್ಲಿ ಮೈಕ್ರೊಸಾಫ್ಟ್ ಕಂಪೆನಿಯ ಮುಖ್ಯಾಧಿಕಾರಿಯಾದ ಸತ್ಯ ನಾದೆಲ್ಲ ಅವರು ನಮ್ಮ ಮಣಿಪಾಲದಲ್ಲಿ ಓದಿದವರು ಎಂದು ಇನ್ನೊಬ್ಬರು ಹೇಳುತ್ತಾರೆ. ನಾರಾಯಣಮೂರ್ತಿಗಳನ್ನಂತೂ ಎರಡು ಪಕ್ಷದವರೂ ಎಳೆದುಕೊಳ್ಳಬಹುದು. ಅವರು ಮೊದಲ ಪದವಿಯನ್ನು ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟಿನಲ್ಲಿ ಪಡೆದು, ಎರಡನೆಯದಕ್ಕೆ ಕಾನ್ಪುರದ ಐ. ಐ. ಟಿ.ಗೆ ಹೋದರು. ಇಂತಹ ಒಬ್ಬಿಬ್ಬರಿಂದ ಯಾವ ನಿರ್ಣಯವೂ ಸಿದ್ಧಿಸುವುದಿಲ್ಲ.

ಕಾಲೇಜುಗಳು ತಾವೇ ಪ್ರಕಟಿಸುವ ಸಂಬಳದ ಅಂಕಿಗಳನ್ನು ಕುರಿತು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಪೋಷಕರು ಹೆಚ್ಚಾಗಿ ಮೋಸಹೋಗುವುದು ಅಲ್ಲಿಯೇ. ಒಂದು ತರಗತಿಯಲ್ಲಿ ಹತ್ತು ಮಂದಿಗೆ ಕೆಲಸ ದೊರೆಯಿತೆಂದಿಟ್ಟುಕೊಳ್ಳೋಣ. ಒಂಬತ್ತು ಮಂದಿಗೆ ವರ್ಷಕ್ಕೆ 12 ಲಕ್ಷ, ಹತ್ತನೆಯವನಿಗೆ ವಿದೇಶದಲ್ಲಿ 1 ಕೋಟಿ 20 ಲಕ್ಷ. ಸರಾಸರಿ ತೆಗೆದರೆ 22 ಲಕ್ಷ 80 ಸಾವಿರವಾಗುತ್ತದೆ. ಆ ಹತ್ತು ಮಂದಿಯಲ್ಲಿ ಆ ಸಂಬಳವನ್ನು ಪಡೆದವನು ಒಬ್ಬನೂ ಇಲ್ಲ! ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಸಾಲಿನ ಮಧ್ಯದಲ್ಲಿ ನಿಂತವನಿಗೆ ಎಷ್ಟು ಬರುತ್ತದೆಂದು ಕೇಳಿದರೆ 12 ಲಕ್ಷವೆಂಬ ಸತ್ಯ ಹೊರಬೀಳುತ್ತದೆ. ಎರಡನೆಯದಾಗಿ, ಕೆಲಸ ದೊರೆಯದವರನ್ನು ಈ ಲೆಕ್ಕದಲ್ಲಿ ಸೇರಿಸಿರುವುದಿಲ್ಲ. ವಿದೇಶದ ಡಾಲರನ್ನು ರೂಪಾಯಿಗೆ ಪರಿವರ್ತಿಸುವಾಗ ಅಲ್ಲಿಯ ಮನೆಬಾಡಿಗೆಯನ್ನು ಯಾರೂ ಕಳೆಯುವುದಿಲ್ಲ. ಸಂಬಳವೆಂದು ಹೇಳುವ ಮೊತ್ತದೊಳಗೆ ಕಂಪೆನಿಯ ಷೇರು, ಮೊದಲ ವರ್ಷಕ್ಕೆ ಮಾತ್ರ ಕೊಡುವ ಇನಾಮು, ಗ್ರಾಚ್ಯುಯಿಟಿ, ಇವೆಲ್ಲ ಅಡಗಿರುತ್ತವೆ. ತಿಂಗಳ ಕೊನೆಯಲ್ಲಿ ಕೈಗೆ ಬರುವುದು ಬೇರೆಯೇ.

ಹೆಸರಾಂತ ಸಂಸ್ಥೆಯಲ್ಲಿ ಮನಸ್ಸಿಗೊಪ್ಪದ ಶಾಖೆ ಮೇಲೋ, ಸಾಧಾರಣ ಕಾಲೇಜಿನಲ್ಲಿ ಬಯಸಿದ ಶಾಖೆ ಮೇಲೋ ಎಂಬ ಪ್ರಶ್ನೆಯನ್ನು ನಮ್ಮನ್ನು ಪೋಷಕರು ಎಷ್ಟೋ ಸಲ ಕೇಳುವುದುಂಟು. ಗಣಕ ಕೆಲಸಕ್ಕೆ ಕಂಪೆನಿಗಳು ಬೇರೆ ಶಾಖೆಯವರನ್ನೂ ತೆಗೆದುಕೊಳ್ಳುವುದರಿಂದ, ಕೇವಲ ಸಂಬಳವೇ ಗುರಿಯಾಗಿದ್ದರೆ ಹೆಸರಾಂತ ಸಂಸ್ಥೆಯ ಪಕ್ಷವೇ ಬಲವಾದುದು. ಆದರೆ ಲೋಹಶಾಸ್ತ್ರವನ್ನು ನಾಲ್ಕು ವರ್ಷ ಬೇಸರದಿಂದ ಓದಿ, ಅದನ್ನು ಅಲ್ಲಿಯೇ ಬಿಟ್ಟು ಬೇರೆ ಕೆಲಸಕ್ಕೆ ಹೋಗುವುದನ್ನು ವಿದ್ಯಾಭ್ಯಾಸವೆಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ. ತಾನು ಬಯಸಿದ್ದು ಏನೆಂದು ನಿಶ್ಚಯವಾಗಿ ಬಲ್ಲ ವಿದ್ಯಾರ್ಥಿಗೆ, ಅಂಥವರು ಕಡಿಮೆಯೇ, ನಾವು ಶಾಖೆಯನ್ನೇ ಆರಿಸಿಕೊಳ್ಳೆಂದು ಹೇಳುತ್ತೇವೆ.

ಕಾಯುವ ವರ್ಷದ ಲೆಕ್ಕವನ್ನೂ ಸರಿಯಾಗಿ ಹಾಕಬೇಕು. ಒಂದು ವರ್ಷ ತಡವಾದರೆ ತರಬೇತಿಯ ಶುಲ್ಕ, ಊಟ ವಸತಿಗಳ ಖರ್ಚು ಮಾತ್ರವಲ್ಲ. ದುಡಿಮೆಯ ಒಂದು ವರ್ಷವೂ ಹೋಗುತ್ತದೆ. ಮೊದಲ ಪ್ರಯತ್ನದಲ್ಲಿ ಗೆರೆಯ ಹತ್ತಿರ ಬಂದು ನಿಂತವನಿಗೆ, ತಾನೇ ಬಯಸಿದರೆ, ಇನ್ನೊಂದು ಪ್ರಯತ್ನ ಅವಿವೇಕವಲ್ಲ. ಬಹಳ ದೂರ ಉಳಿದವನನ್ನು ಮನೆಯ ಮರ್ಯಾದೆಗಾಗಿ ಮತ್ತೆ ಕೋಟಾಕ್ಕೆ ಕಳುಹಿಸುವುದು ಲೆಕ್ಕಕ್ಕೂ ಒಪ್ಪದು, ವಾತ್ಸಲ್ಯಕ್ಕೂ ಒಪ್ಪದು. ನಾಲ್ಕು ವರ್ಷದ ಓದಿಗೆ ಸಾಲ ಮಾಡುವವರು ಆ ಕಾಲೇಜಿನ ಕಛೇರಿಗೆ ಹೋಗಿ, ಸರಾಸರಿಯನ್ನಲ್ಲ, ಈ ಸಂಗತಿಗಳನ್ನು ಕೇಳಬೇಕು: ಹೋದ ವರ್ಷ ಈ ಶಾಖೆಯಲ್ಲಿ ತೇರ್ಗಡೆಯಾದವರು ಎಷ್ಟು ಮಂದಿ, ಅವರಲ್ಲಿ ಕೆಲಸ ದೊರೆತವರೆಷ್ಟು, ಸಾಲಿನ ಮಧ್ಯದವನಿಗೆ ತಿಂಗಳಿಗೆ ಕೈಗೆ ಬರುವುದೆಷ್ಟು, ಸಾಲದ ತಿಂಗಳ ಕಂತು ಎಷ್ಟಾಗುತ್ತದೆ. ಉತ್ತರ ಕೊಡಲು ಹಿಂಜರಿಯುವ ಕಛೇರಿಯೂ ಒಂದು ಉತ್ತರವನ್ನು ಕೊಟ್ಟಂತೆಯೇ.

ಬಡ ಕುಟುಂಬಗಳವರು ಶುಲ್ಕಕ್ಕೆ ಅಂಜಿ ಐ. ಐ. ಟಿ.ಯ ಆಸೆಯನ್ನೇ ಬಿಡುವುದುಂಟು. ಹೆಸರಿನಿಂದ ಅತ್ಯಂತ ಹೆಚ್ಚು ಪ್ರಯೋಜನ ಪಡೆಯತಕ್ಕವರು ಅವರೇ ಆದುದರಿಂದ ಈ ಒಂದು ಸಂಗತಿ ಅವರ ಕಿವಿಗೆ ಬೀಳಬೇಕು. 2016ರಲ್ಲಿ ಬೋಧನಶುಲ್ಕವನ್ನು ವರ್ಷಕ್ಕೆ 2 ಲಕ್ಷ ರೂಪಾಯಿಗೆ ಏರಿಸಿದಾಗ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ, ವರಮಾನವು ವರ್ಷಕ್ಕೆ ಒಂದು ಲಕ್ಷದೊಳಗಿರುವ ಕುಟುಂಬಗಳವರಿಗೂ ಅದನ್ನು ಪೂರ್ತಿಯಾಗಿ ಮಾಫಿ ಮಾಡಲಾಯಿತು; ಒಂದರಿಂದ ಐದು ಲಕ್ಷದವರೆಗೆ ವರಮಾನವುಳ್ಳವರಿಗೆ ಮೂರರಲ್ಲಿ ಎರಡು ಭಾಗ ಮಾಫಿಯಾಯಿತು. ಪ್ರವೇಶದ ಕಾಲದಲ್ಲಿ ತಹಶೀಲ್ದಾರರ ಕಛೇರಿಯಿಂದ ವರಮಾನದ ಪತ್ರವನ್ನು ಮುಂಚಿತವಾಗಿಯೇ ತರಿಸಿಟ್ಟುಕೊಳ್ಳಬೇಕಷ್ಟೆ.